ಅಮ್ಮನ ಜೊತೆ ಶ್ರೀಲಂಕಾಕ್ಕೆ ಹಕ್ಕಿ ನೋಡಲು: 9 ದಿನದಲ್ಲಿ ಯಾವುದು ಇರಲಿ, ಯಾವುದು ಬಿಡಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನಾನು, ಅಮ್ಮ ಇಬ್ಬರೇ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಅಮ್ಮನಿಗೆ 64. ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ ಇಷ್ಟು ವರ್ಷ ಕಾಜಾಣ, ಮಂಗಟ್ಟೆ, ಕೆಂಬೂತ ಎಲ್ಲವನ್ನೂ ಕೂಗು ಕೇಳಿಯೇ ಗುರುತು ಹಿಡಿದವರು, ಆದರೆ ಹಕ್ಕಿ ನೋಡೋಕೆ ಅಂತಲೇ ಒಂದು ದಿನವೂ ಮನೆ ಬಿಟ್ಟು ಹೋದವರಲ್ಲ. ಅದಕ್ಕೇ ಈ ಪ್ರವಾಸ. ಮಂಡಿ ನೋವಿದೆ. ಮೆಟ್ಟಿಲು ಕಷ್ಟ, ಸಮನಾದ ದಾರಿಯಲ್ಲಿ ನಿಧಾನಕ್ಕೆ ಮೂರು ಕಿಲೋಮೀಟರ್ ನಡೆಯುತ್ತಾರೆ.

ಟ್ರಾವೆಲ್ಸ್‌ನವರು ಕೊಟ್ಟ ಪ್ಲಾನ್‌ನಲ್ಲಿ ಸಿಗಿರಿಯಾ ಬಂಡೆಕೋಟೆ, ಕ್ಯಾಂಡಿ, ಜೊತೆಗೆ ಯಾಲ, ಉಡವಲವೆ, ಬುಂದಲ ಅನ್ನೋ ಮೂರು ವನ್ಯಜೀವಿ ಪಾರ್ಕ್ ಎಲ್ಲ ಇದೆ, ಸಿಂಹರಾಜ ಕಾಡಿಗೆ ಮಾತ್ರ ಅರ್ಧ ದಿನ. ಹಕ್ಕಿಗಿಂತ ಕಾರಿನ ಸೀಟನ್ನೇ ಜಾಸ್ತಿ ನೋಡುತ್ತೇವೇನೋ ಅನಿಸುತ್ತಿದೆ. ಏನು ಬಿಡಬಹುದು, ಹೇಳಿ.

ಕೆರೆಏರಿ:
ನಾನು ಮೂರು ಸಲ ಹೋಗಿದ್ದೇನೆ. ಮೊದಲನೇ ಸಲ ನಿಮ್ಮ ಟ್ರಾವೆಲ್ಸ್‌ನವರ ಥರದ ಪ್ಲಾನ್‌ನಲ್ಲೇ ಹೋಗಿದ್ದೆ, ಈಗಲೂ ಬೇಜಾರಿದೆ. ನಮ್ಮಲ್ಲಿ ಸಿಗದೇ ಇರೋದು ಅಲ್ಲಿ ಏನಿದೆ, ಅದಕ್ಕೆ ದಿನ ಕೊಡಿ. ಬಣ್ಣದ ಕೊಕ್ಕರೆಗೆ ಕೊಕ್ಕರೆಬೆಳ್ಳೂರು ಇದೆ, ಆನೆಗೆ ಕಬಿನಿ ಇದೆ. ಶ್ರೀಲಂಕಾದ ಹೆಸರೇ ಇಟ್ಟುಕೊಂಡಿರುವ ಕಪ್ಪೆಬಾಯಿ ಹಕ್ಕಿ ಕೂಡ ನಮ್ಮ ಗಣೇಶಗುಡಿಯಲ್ಲಿ ಸಿಗುತ್ತದೆ. ಆದರೆ ಆ ದ್ವೀಪ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಗಳು ಮೂವತ್ತಕ್ಕೂ ಜಾಸ್ತಿ ಇವೆ, ಅವುಗಳಲ್ಲಿ ಹೆಚ್ಚಿನವು ನೈರುತ್ಯದ ಮಳೆಕಾಡು ಮತ್ತು ನಡುವಿನ ಬೆಟ್ಟಗಳಲ್ಲೇ ಇರೋದು. ಹಾಗಾಗಿ ಯಾಲ, ಉಡವಲವೆ, ಬುಂದಲ, ಸಿಗಿರಿಯಾ ನಾಲ್ಕನ್ನೂ ಬಿಟ್ಟುಬಿಡಿ. ಸಿಗಿರಿಯಾದಲ್ಲಿ ಸಾವಿರಕ್ಕೂ ಮೇಲೆ ಮೆಟ್ಟಿಲಿದೆ, ಅಮ್ಮನಿಗೆ ಆಗೋದಿಲ್ಲ.

ಮಳೆಕಾಡಿನ ಕಿತುಲ್ಗಲ 2 ರಾತ್ರಿ, ಬೆಟ್ಟದ ಊರು ನುವಾರ ಎಲಿಯ 2 ರಾತ್ರಿ, ಸಿಂಹರಾಜ 3 ರಾತ್ರಿ. ಉಳಿದದ್ದು ಓಡಾಟಕ್ಕೆ.

ಸಿಂಹರಾಜಕ್ಕೆ ಕುಡಾವ ಕಡೆಯ ಗೇಟಿನಿಂದ ಹೋಗಿ. ಒಳಗಿನ ಮುಖ್ಯ ದಾರಿ 1970ರ ದಶಕದಲ್ಲಿ ಮರ ಸಾಗಿಸಲು ಮಾಡಿದ ರಸ್ತೆ. ಜನ ವಿರೋಧಿಸಿ ಮರ ಕಡಿಯೋದು ನಿಂತಿತು, 1988ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ರಸ್ತೆ ಮಾತ್ರ ಅಗಲವಾಗಿ ಹಾಗೇ ಉಳಿದಿದೆ, ಮಂಡಿ ನೋವಿನವರೂ ನಿಧಾನಕ್ಕೆ ನಡೆಯಬಹುದು. ಗೇಟಿನವರೆಗಿನ ದಾರಿ ಕೆಟ್ಟದಾಗಿದೆ, ಜೀಪ್ ಹೇಳಿಟ್ಟುಕೊಳ್ಳಿ.

ಅಲ್ಲಿ ಅರ್ಧ ದಿನ ಯಾಕೆ ಸಾಲದು ಅಂದರೆ, ಹಕ್ಕಿಗಳು ಗುಂಪಾಗಿ ಬರುತ್ತವೆ. ಒಂದು ಗಂಟೆ ಏನೂ ಇರೋದಿಲ್ಲ, ಎಲೆಯಿಂದ ನೀರು ತೊಟ್ಟಿಕ್ಕೋ ಶಬ್ದ ಅಷ್ಟೇ. ಆಮೇಲೆ ಎಲ್ಲೋ ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗಲಾಟೆ ಶುರುವಾಗುತ್ತದೆ, ಹಿಂದೆಯೇ ಜುಟ್ಟಿನ ಕಾಜಾಣದ ಕೂಗು. ಅವು ಹತ್ತಿರ ಬಂದವು ಅಂದರೆ ಮೇಲೆ ನೋಡಿ. ಕೆಂಪು ಮುಖದ ಮಲ್ಕೋಹ ಸದ್ದಿಲ್ಲದೆ ಎತ್ತರದ ಎಲೆಗಳ ನಡುವೆ ಕೊಂಬೆಯಿಂದ ಕೊಂಬೆಗೆ ಸರಿಯುತ್ತಿರುತ್ತದೆ. ಮೊದಲು ಕಾಣೋದು ಬಾಲದ ತುದಿಯ ಬಿಳಿ. ಹತ್ತು ನಿಮಿಷದಲ್ಲಿ ಗುಂಪು ಮುಂದೆ ಹೋಗಿಬಿಡುತ್ತದೆ. ಅಂಥ ಎರಡು ಮೂರು ಗುಂಪು ಸಿಗಬೇಕಂದರೆ ದಿನ ಬೇಕು, ತಾಳ್ಮೆ ಬೇಕು. ಕೂಗಿನಲ್ಲೇ ಗುರುತು ಹಿಡಿಯುವ ಅಮ್ಮ ಜೊತೆಗಿದ್ದರೆ ನಿಮಗೆ ಇನ್ನೇನು ಬೇಕು!

ಸೆರೆಂಡಿಬ್ ಗೂಬೆಯ ಬಗ್ಗೆ ಗೈಡ್ ಹತ್ತಿರ ಕೇಳಿ. ಅಲ್ಲಿನವರೊಬ್ಬರು ಮೊದಲು ಕೂಗು ಮಾತ್ರ ಕೇಳಿದ್ದರು. ವರ್ಷಗಟ್ಟಲೆ ಬೆನ್ನು ಹತ್ತಿ 2001ರಲ್ಲಿ ಕಣ್ಣಾರೆ ಕಂಡರು, 2004ರಲ್ಲಿ ಹೊಸ ಜಾತಿ ಅಂತ ಹೆಸರಿಟ್ಟರು. ಈ ಕಥೆ ಅಮ್ಮನಿಗೆ ಖಂಡಿತ ಹಿಡಿಸುತ್ತದೆ.

ಬೈನಾಕ್ಯುಲರ್ 8x42 ಇರಲಿ (ಎಂಟು ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಗಾಜು 42 ಮಿ.ಮೀ.). ಕಾಡೊಳಗೆ ಬೆಳಕು ಕಡಿಮೆ, 10x ಕೈಯಲ್ಲಿ ಅಲುಗಾಡುತ್ತದೆ.

ಕೊಲಂಬೋವಾಸಿ:
ಆರು ವರ್ಷದಿಂದ ಇಲ್ಲೇ ಇದ್ದೇನೆ. ಮೇಲಿನವರ ಪ್ಲಾನ್ ಸರಿಯಾಗಿದೆ, ಎರಡು ಮಾತು ಸೇರಿಸುತ್ತೇನೆ. ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ನೋಡಿಕೊಂಡು ಟಿಕೆಟ್ ಮಾಡಿ. ಇಲ್ಲಿ ಪ್ರತಿ ಹುಣ್ಣಿಮೆಗೂ ಪೋಯ ರಜೆ, ಫೆಬ್ರವರಿಯಲ್ಲಿ ಶ್ರೀಪಾದ ಬೆಟ್ಟದ ಯಾತ್ರೆಯೂ ನಡೆಯುತ್ತಿರುತ್ತದೆ, ಕಿತುಲ್ಗಲ ದಾರಿಯಲ್ಲಿ ಬಸ್ಸು, ವ್ಯಾನ್ ಸಾಲುಗಟ್ಟಿರುತ್ತವೆ. ಇನ್ನು ದೂರವನ್ನು ಕಿಲೋಮೀಟರ್‌ನಲ್ಲಿ ಲೆಕ್ಕ ಹಾಕಬೇಡಿ, ಬೆಟ್ಟದ ರಸ್ತೆಯಲ್ಲಿ ನೂರು ಕಿಲೋಮೀಟರ್‌ಗೆ ನಾಲ್ಕು ಗಂಟೆ ಸುಲಭವಾಗಿ ಹಿಡಿಯುತ್ತದೆ. ಪಾಸ್‌ಪೋರ್ಟ್ ಜೊತೆಗೇ ಇರಲಿ, ಕೆಲವು ಪಾರ್ಕ್‌ಗಳಲ್ಲಿ ಸಾರ್ಕ್ ದೇಶದವರಿಗೆ ಟಿಕೆಟ್ ಕಡಿಮೆ, ಕೇಳಿದರೆ ಮಾತ್ರ ಕೊಡುತ್ತಾರೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ಸರ್ಕಾರಿ ಸೈಟ್‌ನಲ್ಲೇ ನೋಡಿ.

ನುವಾರ ಎಲಿಯದಲ್ಲಿ ವಿಕ್ಟೋರಿಯಾ ಪಾರ್ಕ್ ಬಿಡಲೇಬೇಡಿ. ಊರ ಮಧ್ಯದ ಪಾರ್ಕ್, ಸಮನಾದ ದಾರಿ, ಬೆಂಚಿವೆ. ಹಿಂದುಗಡೆ ಹರಿಯುವ ತೋಡಿನ ಪಕ್ಕ ಸಂಜೆ ಸುಮ್ನೆ ಕೂತಿರಿ. ಹಿಮಾಲಯದ ಕಡೆಯಿಂದ ಬರುವ ಕಾಶ್ಮೀರ ನೊಣಹಿಡುಕ, ಪೈಡ್ ಥ್ರಷ್, ನವರಂಗ ಮೂರೂ ಅಲ್ಲಿ ಚಳಿಗಾಲ ಕಳೆಯುತ್ತವೆ. ನವರಂಗಕ್ಕೆ ತಮಿಳಿನಲ್ಲಿ ಆರು ಮಣಿ ಕುರುವಿ ಅಂತಾರೆ, ಬೆಳಗ್ಗೆ ಸಂಜೆ ಆರರ ಹೊತ್ತಿಗೆ ಕೂಗುತ್ತದೆ ಅಂತ.

ಸ್ವೆಟರ್ ಮರೀಬೇಡಿ, ಬೆಳಗಿನ ಚಳಿ ಜೋರು.

ಕಾಡುದಾರಿ:
ನನ್ನದೊಂದು ಮನವಿ. ಕೂಗು ರೆಕಾರ್ಡ್ ಹಾಕಿ ಹಕ್ಕಿ ಕರೆಸೋದು ಬೇಡ ಅಂತ ಗೈಡ್‌ಗೆ ಮೊದಲ ದಿನವೇ ಹೇಳಿಬಿಡಿ. ನನ್ನ ಪ್ರವಾಸದಲ್ಲಿ ಒಬ್ಬರು ಪುಟ್ಟ ಗೂಬೆಯೊಂದಕ್ಕೆ ಇಪ್ಪತ್ತು ನಿಮಿಷ ಬಿಡದೆ ರೆಕಾರ್ಡ್ ಹಾಕಿದರು. ಬೇರೆ ಗೂಬೆ ತನ್ನ ಜಾಗಕ್ಕೆ ನುಗ್ಗಿದೆ ಅಂದುಕೊಂಡು ಪಾಪ ಅದು ಕೊಂಬೆಯಿಂದ ಕೊಂಬೆಗೆ ಹಾರುತ್ತಲೇ ಇತ್ತು. ಫೋಟೊ ಸಿಕ್ಕಿತು, ಆದರೆ ನಾನು ಆಗಲೇ ಬಾಯಿಬಿಟ್ಟು ಬೇಡ ಅನ್ನಬೇಕಿತ್ತು.

ಲೀಚ್ ಸಾಕ್ಸ್ ಎರಡು ಜೊತೆ ತಗೊಳ್ಳಿ. ಫೆಬ್ರವರಿಯಲ್ಲೂ ಸಿಂಹರಾಜದಲ್ಲಿ ಮಳೆ ಬಂದರೆ ಇಂಬಳ ಏಳುತ್ತವೆ.

ತುಂಗಾತೀರ:
ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಕಟ್ಟಿಕೊಂಡು ಹೋಗೋಣ ಅಂದರು. ಯಾಲ, ಉಡವಲವೆ, ಬುಂದಲ, ಸಿಗಿರಿಯಾ ತೆಗೆಸಿದೆ, ಸಿಂಹರಾಜ 3 ರಾತ್ರಿ ಆಯಿತು. ಟ್ರಾವೆಲ್ಸ್‌ನವರು ಒಪ್ಪಿದ್ದಾರೆ. ನುವಾರ ಎಲಿಯ ಹತ್ತಿರದ ಬೆಟ್ಟದ ಪಾರ್ಕ್ ಹಾರ್ಟನ್ ಪ್ಲೇನ್ಸ್ ಬಗ್ಗೆ ಒಂದು ಪ್ರಶ್ನೆ ಉಳಿದಿದೆ. ಅಲ್ಲಿನ ಶಿಳ್ಳೆ ಹಕ್ಕಿ ನಸುಕಿನಲ್ಲಿ ರಸ್ತೆ ಪಕ್ಕದ ಕೊಳದ ಹತ್ತಿರವೇ ಸಿಗುತ್ತದೆ ಅಂತ ಓದಿದೆ. ಪೂರ್ತಿ ಸುತ್ತು ನಡೆಯದೆ ಅಷ್ಟನ್ನೇ ನೋಡಿ ವಾಪಸ್ ಬರಬಹುದಾ?

ಕೆರೆಏರಿ:
ಬರಬಹುದು. ನುವಾರ ಎಲಿಯದಿಂದ ನಾಲ್ಕೂವರೆಗೆ ಹೊರಡಿ, ಕತ್ತಲಿರುವಾಗಲೇ ಅಲ್ಲಿರಬೇಕು. ಬೆಳಕು ಜಾಸ್ತಿಯಾದ ಮೇಲೆ ಅದು ಪೊದೆಯೊಳಗೆ ಸೇರಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಶಿಳ್ಳೆ ಹಕ್ಕಿಯ ಹಾಗೆ ಉದ್ದದ ಹಾಡು ಕಾಯಬೇಡಿ, ಇದರದ್ದು ಚೂಪಾದ ಒಂದೇ ಕೂಗು. ಅಮ್ಮನಿಗೆ ಫ್ಲಾಸ್ಕ್‌ನಲ್ಲಿ ಬಿಸಿ ಕಾಫಿ ತಗೊಂಡು ಹೋಗಿ.