ಕೆನ್ನೆಗೆ ನಾಯಿ ಕಚ್ಚಿದೆ, ಹೊಲಿಗೆ ಹಾಕಲಿಲ್ಲ. ಸರೀನಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ತಿಪಟೂರು ಕಡೆಯವರು. ನಿನ್ನೆ ಭಾನುವಾರ ಸಂಜೆ ಅಕ್ಕನ ಮಗನಿಗೆ ಪಕ್ಕದ ಮನೆ ನಾಯಿ ಕಚ್ಚಿತು. 6 ವರ್ಷ, 16 ಕೆಜಿ ಇದ್ದಾನೆ. ಎಡಗೆನ್ನೆ ಸುಮಾರು ಎರಡು ಇಂಚು ಸೀಳಿದೆ, ಮುಂಗೈಯಲ್ಲಿ ಮೂರು ಹಲ್ಲಿನ ತೂತು. ಅಜ್ಜಿ ಅರಿಶಿನ, ಸುಣ್ಣ ಮೆತ್ತಿಬಿಟ್ಟಿದ್ದರು. ಕ್ಲಿನಿಕ್‌ನಲ್ಲಿ ಅದನ್ನು ತೊಳೆದು, ಟಿಟಿ ಹಾಕಿ, ತೋಳಿಗೆ ರೇಬಿಸ್ ಇಂಜೆಕ್ಷನ್ ಒಂದು ಕೊಟ್ಟು ಬುಧವಾರ ಬನ್ನಿ ಎಂದರು. ಹೊಲಿಗೆ ಹಾಕಲೇ ಇಲ್ಲ. ಕಲೆ ಉಳಿದರೆ ಏನು ಗತಿ ಅಂತ ಅಕ್ಕ ಅಳುತ್ತಿದ್ದಾಳೆ. ನಾಯಿಗೆ ಲಸಿಕೆ ಹಾಕಿಸಿದ್ದೇವೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ.

ಡಾಕ್ಟರ್: ಹೊಲಿಗೆ ಹಾಕದಿದ್ದದ್ದು ತಪ್ಪಲ್ಲ. ಬಿಟ್ಟುಹೋಗಿರುವುದು ಬೇರೆ: ಸೀರಮ್, ಅಂದರೆ ರೇಬಿಸ್ ಇಮ್ಯುನೊಗ್ಲಾಬ್ಯುಲಿನ್. ಚೀಟಿ ತೆಗೆದು ನೋಡಿ, ಅದರ ಹೆಸರು ಇಲ್ಲ ಅಂದರೆ ಇವತ್ತೇ ಮಗುವನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಚರ್ಮ ಸೀಳಿ ರಕ್ತ ಬಂದ ಕಡಿತವನ್ನು ನಾವು ಮೂರನೇ ದರ್ಜೆ ಅನ್ನುತ್ತೇವೆ. ಅದಕ್ಕೆ ಲಸಿಕೆ ಒಂದೇ ಸಾಲದು. ಲಸಿಕೆ ಹಾಕಿದ ಮೇಲೆ ಮೈ ತನ್ನದೇ ರಕ್ಷಣೆ ತಯಾರು ಮಾಡಿಕೊಳ್ಳಲು ವಾರದ ಮೇಲೆ ಬೇಕು. ವೈರಸ್ ಅಷ್ಟು ದಿನ ಸುಮ್ನೆ ಕೂರುವುದಿಲ್ಲ. ಗಾಯದಿಂದ ನರ ಹಿಡಿದು ಮೆದುಳಿನ ಕಡೆ ಹೊರಡುತ್ತದೆ. ಕೆನ್ನೆಯಿಂದ ಆ ದಾರಿ ತುಂಬಾ ಹತ್ತಿರ ಅಲ್ವಾ? ಸೀರಮ್ ಸಿದ್ಧವಾಗಿ ಸಿಗುವ ರಕ್ಷಣೆ, ವೈರಸ್ಸನ್ನು ಗಾಯದಲ್ಲೇ ಹಿಡಿಯುತ್ತದೆ.

ಕುದುರೆ ರಕ್ತದಿಂದ ತೆಗೆದ ಸೀರಮ್ ಆದರೆ ಕೆಜಿಗೆ 40 ಯೂನಿಟ್. ನಿಮ್ಮ ಹುಡುಗನಿಗೆ 640. ಮಿಲಿಗೆ 300 ಯೂನಿಟ್ ಇರುವ ಬಾಟಲಿಯಲ್ಲಿ ಎರಡು ಮಿಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮನುಷ್ಯರ ರಕ್ತದಿಂದ ತೆಗೆದದ್ದಾದರೆ ಕೆಜಿಗೆ 20 ಸಾಕು. ಇದನ್ನು ತೋಳಿಗೆ ಚುಚ್ಚಿ ಕಳಿಸಿದರೆ ಪ್ರಯೋಜನ ಕಡಿಮೆ. ಕೆನ್ನೆಯ ಸೀಳಿನ ಅಂಚಿಗೆ, ಆಳಕ್ಕೆ, ಕೈಯ ಮೂರೂ ತೂತುಗಳ ಒಳಕ್ಕೆ ಹೋಗಬೇಕು. ಔಷಧಿ ಸಾಲದಿದ್ದರೆ ಸಲೈನ್ ಬೆರೆಸಿ ಹೆಚ್ಚಿಸಿಕೊಳ್ಳುತ್ತೇವೆ, ಒಂದು ತೂತನ್ನೂ ಬಿಡುವ ಹಾಗಿಲ್ಲ. ಮಗು ಕಿರುಚುತ್ತದೆ. ಎಷ್ಟೋ ಅಮ್ಮಂದಿರು ಆ ಹೊತ್ತಿಗೆ 'ಸಾಕು ಬಿಡಿ' ಅನ್ನುತ್ತಾರೆ. ದಯವಿಟ್ಟು ಅನ್ನಬೇಡಿ, ತಲೆ ಅಲುಗದ ಹಾಗೆ ಹಿಡಿದುಕೊಳ್ಳಿ.

ಈಗ ಹೊಲಿಗೆ. ಸೀರಮ್ ಇಲ್ಲದೆ ಬಿಗಿಯಾಗಿ ಹೊಲಿದರೆ ವೈರಸ್ಸನ್ನೂ ಕೀವನ್ನೂ ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಆದರೆ ಮುಖಕ್ಕೆ ರಕ್ತ ಸಂಚಾರ ಚೆನ್ನಾಗಿರುತ್ತದೆ. ಸೀರಮ್ ಹಾಕಿ ಕೆಲವು ಗಂಟೆ ಬಿಟ್ಟು ನಾಲ್ಕೈದು ಸಡಿಲ ಹೊಲಿಗೆ ಹಾಕಬಹುದು. ಒಂದು ದಿನ ತಡವಾದ್ದರಿಂದ ಕೆನ್ನೆ ಕೆಟ್ಟುಹೋಗುವುದಿಲ್ಲ ಅಂತ ಅಕ್ಕನಿಗೆ ಹೇಳಿ. ಕೈಯ ತೂತುಗಳನ್ನು ಮಾತ್ರ ಹೊಲಿಯುವುದೇ ಬೇಡ. ನಾಯಿಹಲ್ಲು ನೋಡಲು ಸಣ್ಣ ತೂತು ಮಾಡಿದರೂ ಆಳಕ್ಕೆ ಇಳಿದಿರುತ್ತದೆ. ಕೀವು ಆಗದಿರಲು ಸಾಮಾನ್ಯವಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನುವ ಆಂಟಿಬಯಾಟಿಕ್ ಕೊಡುತ್ತಾರೆ. ಊತ, ಕೆಂಪು ಮೇಲಕ್ಕೇರಿದರೆ ಅಥವಾ ಜ್ವರ ಬಂದರೆ ತಕ್ಷಣ ತೋರಿಸಿ.

ಹೊರಡುವ ಮುಂಚೆ ಹುಡುಗನನ್ನು ಒಮ್ಮೆ ನಗಿಸಿ. ತುಟಿ ಎರಡೂ ಕಡೆ ಒಂದೇ ಸಮ ಎಳೆಯುತ್ತದಾ? ಕಣ್ಣು ಗಟ್ಟಿಯಾಗಿ ಮುಚ್ಚುತ್ತಾನಾ? ನೀರು ಕುಡಿದಾಗ ಕೆನ್ನೆಯಿಂದ ಸೋರುತ್ತದಾ? ಕೈಬೆರಳು ಎಲ್ಲಾ ಮಡಚುತ್ತವಾ? ಎಲ್ಲಾದರೂ ಎಡವಟ್ಟು ಕಂಡರೆ ನರವೋ ಸ್ನಾಯುವೋ ತುಂಡಾಗಿರಬಹುದು, ಇಲ್ಲವೇ ಕೆನ್ನೆ ಒಳಗಿನತನಕ ಸೀಳಿರಬಹುದು, ಸರ್ಜನ್ ಬೇಕು.

ನಾಯಿಗೆ ಲಸಿಕೆ ಆಗಿದೆ ಅಂತ ಚಿಕಿತ್ಸೆ ನಿಲ್ಲಿಸಬೇಡಿ. ಅದನ್ನು 10 ದಿನ ಕಟ್ಟಿಹಾಕಿ ನೋಡಲು ಹೇಳಿ. ಸಾಯಿಸಬೇಡಿ, ಬದುಕಿದ್ದರೆ ತಾನೇ ಅದಕ್ಕೆ ರೇಬಿಸ್ ಇತ್ತಾ ಅಂತ ನಮಗೆ ಗೊತ್ತಾಗುವುದು.

ಇನ್ನೊಬ್ಬರು: ಬುಧವಾರ ಹೇಗೂ ಹೋಗಬೇಕಲ್ಲ, ಸೀರಮ್ ಆಗಲೇ ಹಾಕಿಸಬಹುದಾ? ಮತ್ತೆ, ನಮ್ಮಪ್ಪನ ಕಾಲದ ಹಾಗೆ ಹೊಕ್ಕಳ ಸುತ್ತ 14 ಇಂಜೆಕ್ಷನ್ ಈಗಲೂ ಇದೆಯಾ?

ಡಾಕ್ಟರ್: ಮೊದಲ ಲಸಿಕೆಯಿಂದ 7 ದಿನದೊಳಗೆ ಸೀರಮ್ ಕೊಡಬಹುದು. ಅದು ಕಡೇ ಗಡುವು, ಮುಖದ ಗಾಯಕ್ಕೆ ಅಲ್ಲಿಯತನಕ ಕಾಯುವುದು ಯಾಕೆ? ಹೊಕ್ಕಳ ಇಂಜೆಕ್ಷನ್ ಕುರಿ ಮೆದುಳಿನಿಂದ ಮಾಡುತ್ತಿದ್ದ ಹಳೇ ಲಸಿಕೆ, ನಮ್ಮ ದೇಶದಲ್ಲಿ ನಿಂತು 20 ವರ್ಷವಾಯಿತು. ಈಗ ತೋಳಿನ ಸ್ನಾಯುವಿಗೆ ಕೊಟ್ಟರೆ 0, 3, 7, 14, 28ನೇ ದಿನ (ಮೊದಲ ಲಸಿಕೆಯ ದಿನವೇ 0). ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಚರ್ಮದೊಳಕ್ಕೆ ಎರಡು ಕಡೆ ಕೊಡುತ್ತಾರೆ, ಅದು 0, 3, 7, 28. ಕುಂಡಿಗೆ ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ, ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು: ಡಾಕ್ಟ್ರೇ, ಹೋಗಿ ಬಂದೆವು. ಸೀರಮ್ ಹಾಕಿದರು. ನಾನೇ ತಲೆ ಹಿಡಿದುಕೊಂಡಿದ್ದೆ, ಕೈ ಇನ್ನೂ ನಡುಗುತ್ತಿದೆ. ಹೊಲಿಗೆ ನಾಳೆ ಅಂದಿದ್ದಾರೆ. ನಗು ನೆಟ್ಟಗಿದೆ. ಮೊಟ್ಟೆ, ಬದನೆಕಾಯಿ ಕೊಡಬಾರದು ಅಂತ ಅಜ್ಜಿ ಹಟ ಹಿಡಿದಿದ್ದಾರೆ.

ಡಾಕ್ಟರ್: ಪಥ್ಯ ಏನೂ ಇಲ್ಲ, ಮೊಟ್ಟೆ ಧಾರಾಳವಾಗಿ ಕೊಡಿ. ಬುಧವಾರ ಹೋಗುವಾಗ ಎರಡೂ ಕಡೆಯ ಚೀಟಿ ಜೊತೆಗಿರಲಿ.