ಡೊಂಬಿವಲಿ–ದಾದರ್ ಲೋಕಲ್‌ನಲ್ಲಿ ದಿನವೂ ಹೊರಬಹುದಾದ ಗೇಮಿಂಗ್ ಲ್ಯಾಪ್‌ಟಾಪ್ ಯಾವುದು?

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ನಮಸ್ಕಾರ. ಮುಂಬೈನ ಮಾಟುಂಗದ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೆಯ ವರ್ಷ ಶುರುವಾಗುತ್ತಿದೆ. ಬೆಳಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹಿಡಿದು ದಾದರ್‌ಗೆ ಬಂದು, ಅಲ್ಲಿಂದ ಸ್ಲೋ ಗಾಡಿಯಲ್ಲಿ ಒಂದು ನಿಲ್ದಾಣ ಹಿಂದಕ್ಕೆ ಹೋಗುತ್ತೇನೆ. ಲೇಡೀಸ್ ಡಬ್ಬದಲ್ಲಿ ಕೂರಲು ಜಾಗ ಸಿಗುವುದು ರಜೆಯ ದಿನ ಮಾತ್ರ. ಉಳಿದ ದಿನ ಬ್ಯಾಗನ್ನು ಹೊಟ್ಟೆಯ ಮೇಲೆ ಹಾಕಿಕೊಂಡು ನಿಂತೇ ಪ್ರಯಾಣ.

ಓದಿಗೆ ಸಾಲಿಡ್‌ವರ್ಕ್ಸ್ (ಯಂತ್ರಭಾಗಗಳ ಮಾದರಿ ರಚಿಸುವ ತಂತ್ರಾಂಶ), ಮ್ಯಾಟ್‌ಲ್ಯಾಬ್ (ಲೆಕ್ಕಾಚಾರದ ತಂತ್ರಾಂಶ) ಬೇಕೇ ಬೇಕು. ಮುಂದಿನ ಸೆಮಿಸ್ಟರ್‌ನಿಂದ ಭಾಗಗಳ ಮೇಲಿನ ಒತ್ತಡ ಲೆಕ್ಕ ಹಾಕುವ ಆನ್ಸಿಸ್ ಕೂಡ. ಗೆಳತಿಯರ ಜೊತೆ ವ್ಯಾಲರಂಟ್ ಆಡುತ್ತೇನೆ, ಭಾನುವಾರ ಒಂದೆರಡು ದೊಡ್ಡ ಆಟ. ಅಪ್ಪ ಒಪ್ಪಿರುವ ಮೊತ್ತ 1,20,000 ರೂಪಾಯಿ. ಕಾಡಿ ಬೇಡಿದರೆ ಇನ್ನೊಂದು 20,000 ಸಿಗಬಹುದು.

ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎರಡು ಬಗೆ ನೋಡಿ ಬಂದೆ. ಒಂದು 15.6 ಇಂಚಿನದು, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ಇದೆ, ತೂಕ 2.4 ಕಿಲೋ, ಬೆಲೆ ಹಿಡಿತದಲ್ಲಿದೆ. ಇನ್ನೊಂದು 14 ಇಂಚಿನದು, ಅದೇ 4060, ತೂಕ ಒಂದೂವರೆ ಕಿಲೋ, ಬೆಲೆ ಮಾತ್ರ ಮೇಲೆ. ಎರಡರಲ್ಲೂ ಇರುವುದು ಒಂದೇ ಚಿಪ್, ಆಟವೂ ಒಂದೇ ರೀತಿ ಓಡುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಆದರೆ ನನ್ನ ಅಣ್ಣನ ಲ್ಯಾಪ್‌ಟಾಪ್‌ನಲ್ಲೂ 4060 ಇದೆ, ಅವನ ಗೆಳೆಯನದರಲ್ಲೂ ಇದೆ. ಗೆಳೆಯನದು ಅದೇ ಆಟದಲ್ಲಿ ಎದ್ದು ಕಾಣುವಷ್ಟು ವೇಗ. ಇದು ಹೇಗೆ? ಮತ್ತು ನಾನು ಯಾವುದನ್ನು ತೆಗೆದುಕೊಳ್ಳಲಿ?

ಮೂಲೆ ಮೇಜು:

ಎರಡೂ ಬೇಡ. 50,000ದ ಹಗುರ ಲ್ಯಾಪ್‌ಟಾಪ್ ಕಾಲೇಜಿಗೆ, ಉಳಿದ ಹಣಕ್ಕೆ ಮನೆಯಲ್ಲೊಂದು ಡೆಸ್ಕ್‌ಟಾಪ್. ಅದೇ ಹಣಕ್ಕೆ ಅದರಷ್ಟು ಶಕ್ತಿ ಯಾವ ಲ್ಯಾಪ್‌ಟಾಪ್‌ನಲ್ಲೂ ಬರುವುದಿಲ್ಲ. ಕೆಟ್ಟರೆ ಒಂದು ಭಾಗ ಬದಲಿಸಿದರೆ ಸಾಕು, ಬೇಕೆಂದಾಗ ಗ್ರಾಫಿಕ್ಸ್ ಕಾರ್ಡ್ ಏರಿಸಿಕೊಳ್ಳಬಹುದು.

ಡೊಂಬಿವಲಿ ಫಾಸ್ಟ್:

ಮೂಲೆ ಮೇಜು ಅವರೇ, ನೀವು ಹೇಳುವುದು ನಿಜ. ಆದರೆ ನಮ್ಮದು ಒಂದು ಬಿಎಚ್‌ಕೆ. ಇರುವ ಒಂದೇ ಮೇಜಿನಲ್ಲಿ ಈ ವರ್ಷ ಹತ್ತನೆಯ ತರಗತಿಯ ತಮ್ಮ ಕೂತಿದ್ದಾನೆ. ಅವನನ್ನು ಎಬ್ಬಿಸಿದರೆ ಅಮ್ಮ ನನ್ನನ್ನು ಮನೆಯಿಂದಲೇ ಎಬ್ಬಿಸುತ್ತಾರೆ.

ಮೂಲೆ ಮೇಜು:

ಹಾಗಾದರೆ ನನ್ನ ಸಲಹೆ ವಾಪಸ್. ಹತ್ತನೆಯ ತರಗತಿಯ ಎದುರು ಯಾವ ಗ್ರಾಫಿಕ್ಸ್ ಕಾರ್ಡೂ ನಿಲ್ಲುವುದಿಲ್ಲ.

ತಿರುಪುಳಿ:

ತಂಗಿ, ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಮೊದಲು ನಿಮ್ಮ ಅಣ್ಣನ ಗೊಂದಲ ಬಗೆಹರಿಸೋಣ, ನಿಮ್ಮ ಆಯ್ಕೆಯ ಕೀಲಿಯೂ ಅದರಲ್ಲೇ ಇದೆ.

4060 ಎನ್ನುವುದು ಚಿಪ್‌ನ ಹೆಸರು, ಅಷ್ಟೇ. ಅದಕ್ಕೆ ಎಷ್ಟು ವಾಟ್ ವಿದ್ಯುತ್ ಕೊಡಬೇಕು ಎಂಬುದನ್ನು ಲ್ಯಾಪ್‌ಟಾಪ್ ತಯಾರಿಸುವ ಕಂಪನಿ ನಿರ್ಧರಿಸುತ್ತದೆ. ಲ್ಯಾಪ್‌ಟಾಪ್‌ನ 4060ಕ್ಕೆ ಚಿಪ್‌ನ ಕಂಪನಿ ಎನ್‌ವಿಡಿಯಾ ಇಟ್ಟಿರುವ ಮಿತಿ 35 ವಾಟ್‌ನಿಂದ 115 ವಾಟ್‌ವರೆಗೆ. ಅದರ ಮೇಲೆ ಡೈನಮಿಕ್ ಬೂಸ್ಟ್ ಎಂದು ಇನ್ನಷ್ಟು ಸೇರಬಹುದು. ತೆಳುವಾದ ಡಬ್ಬಿಯಲ್ಲಿ ಬಿಸಿ ಹೊರಹಾಕಲು ಜಾಗ ಕಡಿಮೆ, ಆದ್ದರಿಂದ ವಾಟ್ ಕಡಿಮೆ ಇಡುತ್ತಾರೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಇದು ಬಹುಮಟ್ಟಿಗೆ ಇರುವುದಿಲ್ಲ. ಅಂಗಡಿಯವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ.

ತಿಳಿಯುವ ದಾರಿ ಸುಲಭ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಂ ಇನ್ಫರ್ಮೇಷನ್ ಒತ್ತಿ. ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂಬ ಸಾಲಿನಲ್ಲಿ ವಾಟ್ ಇರುತ್ತದೆ. ನಿಮ್ಮ ಅಣ್ಣನ ಯಂತ್ರದಲ್ಲೂ ಗೆಳೆಯನ ಯಂತ್ರದಲ್ಲೂ ಇದನ್ನು ನೋಡಿಸಿ, ವ್ಯತ್ಯಾಸ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ರ‍್ಯಾಮ್ ನೋಡಿ. ಕೆಲವು ಅಗ್ಗದ ಮಾದರಿಗಳಲ್ಲಿ 16 ಜಿಬಿಯ ಒಂದೇ ಕಡ್ಡಿ ಹಾಕಿರುತ್ತಾರೆ. ಎರಡು ಕಡ್ಡಿ ಇದ್ದರೆ ಮೆಮೊರಿ ಎರಡು ಚಾನೆಲ್‌ಗಳಲ್ಲಿ ಓಡುತ್ತದೆ, ವ್ಯಾಲರಂಟ್‌ನಂತಹ ಪ್ರೊಸೆಸರ್ ಮೇಲೆ ಭಾರ ಹಾಕುವ ಆಟಗಳಲ್ಲಿ ಅದು ತಕ್ಷಣ ಗೊತ್ತಾಗುತ್ತದೆ.

ವಾಟ್ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಹೊರಡಬೇಡಿ. ಈ ಚಿಪ್ 100 ವಾಟ್ ದಾಟಿದ ಮೇಲೆ ಹೆಚ್ಚಿನ ಲಾಭ ಕೊಡುವುದಿಲ್ಲ, ಫ್ಯಾನ್ ಕೂಗುತ್ತದೆ ಅಷ್ಟೇ. 80, 90 ವಾಟ್ ಇರುವ 14 ಇಂಚಿನದು ನಿಮ್ಮ ಭಾನುವಾರಕ್ಕೆ ಧಾರಾಳವಾಯಿತು.

ವಡಾಲ ಮೆಕ್ಯಾನಿಕಲ್:

ನಾನು ಇದೇ ವಿಭಾಗದಲ್ಲಿ ಓದಿ ಹೊರಬಂದವನು, ತಂತ್ರಾಂಶದ ಬಗ್ಗೆ ಹೇಳುತ್ತೇನೆ. ಸಾಲಿಡ್‌ವರ್ಕ್ಸ್ ವಿಂಡೋಸ್‌ನಲ್ಲಿ ಮಾತ್ರ ನೇರವಾಗಿ ನಡೆಯುತ್ತದೆ, ಹಾಗಾಗಿ ಮ್ಯಾಕ್‌ಬುಕ್ ಯೋಚನೆ ಬಿಡಿ. ವ್ಯಾಲರಂಟ್ ಕೂಡ ಮ್ಯಾಕ್‌ನಲ್ಲಿ ಬರುವುದಿಲ್ಲ. ಮಾಡೆಲಿಂಗ್‌ನ ಬಹುಪಾಲು ಕೆಲಸ ಪ್ರೊಸೆಸರ್‌ನ ಒಂದು ಕೋರ್‌ನ ವೇಗವನ್ನು ನಂಬಿರುತ್ತದೆ. ಗ್ರಾಫಿಕ್ಸ್ ಚಿಪ್ ದೊಡ್ಡದಾದರೆ ಅಸೆಂಬ್ಲಿಯನ್ನು (ಭಾಗಗಳನ್ನು ಜೋಡಿಸಿದ ಮಾದರಿಯನ್ನು) ತಿರುಗಿಸುವಾಗ ಹಾಯಾಗಿರುತ್ತದೆ, ಅದಕ್ಕಿಂತ ಹೆಚ್ಚೇನಿಲ್ಲ. 4060 ಇರುವ ಜಿಫೋರ್ಸ್ ಸರಣಿಯಲ್ಲಿ ಸಾಲಿಡ್‌ವರ್ಕ್ಸ್‌ನ ರಿಯಲ್‌ವ್ಯೂ ಎಂಬ ಹೊಳಪಿನ ನೋಟ ತೆರೆಯುವುದಿಲ್ಲ. ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಆನ್ಸಿಸ್ ಎಂದ ಕೂಡಲೇ ಎಲ್ಲರೂ 64 ಜಿಬಿ ರ‍್ಯಾಮ್ ಎಂದು ಹೆದರಿಸುತ್ತಾರೆ. ವಿದ್ಯಾರ್ಥಿಗಳ ಉಚಿತ ಆವೃತ್ತಿಯಲ್ಲಿ ಸ್ಟ್ರಕ್ಚರಲ್ ವಿಶ್ಲೇಷಣೆಗೆ 1,28,000 ನೋಡ್‌ಗಳ (ಲೆಕ್ಕಕ್ಕಾಗಿ ಮಾದರಿಯಲ್ಲಿ ಗುರುತಿಸುವ ಬಿಂದುಗಳ) ಮಿತಿಯಿದೆ. ಆ ಮಿತಿಯೊಳಗಿನ ಲೆಕ್ಕಕ್ಕೆ 16 ಜಿಬಿ ನಡೆಯುತ್ತದೆ, 32 ಇದ್ದರೆ ನೆಮ್ಮದಿ.

ತಿರುಪುಳಿ:

ಇಲ್ಲೊಂದು ಕೊಕ್ಕೆ ಇದೆ. 14 ಇಂಚಿನ ಹಗುರ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಸಾಮಾನ್ಯವಾಗಿ ಬೋರ್ಡಿಗೆ ಬೆಸುಗೆ ಹಾಕಿರುತ್ತದೆ. ಆಮೇಲೆ ಏರಿಸಿಕೊಳ್ಳುವೆ ಎಂಬ ಮಾತೇ ಇಲ್ಲ. 2025ರ ಕೊನೆಯಿಂದ ಮೆಮೊರಿ ಬೆಲೆಯೂ ಏರಿದೆ. 15 ಇಂಚಿನವುಗಳಲ್ಲಿ ಹೆಚ್ಚಿನವಕ್ಕೆ ಕಡ್ಡಿ ಹಾಕುವ ಜಾಗ ಇರುತ್ತದೆ, ಆ ಮಟ್ಟಿಗೆ ಅವೇ ಮೇಲು. ಎಸ್‌ಎಸ್‌ಡಿ ಮಾತ್ರ ಎರಡರಲ್ಲೂ ಬದಲಿಸಬಹುದು, 512 ಜಿಬಿ ಬಂದರೂ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ತೂಕ. ಅಂಗಡಿಯಲ್ಲಿ 2.4 ಕಿಲೋ ಎಂದರಲ್ಲ, ಅದು ಬರಿಯ ಲ್ಯಾಪ್‌ಟಾಪ್. ಅದರ 230 ವಾಟ್ ಅಡಾಪ್ಟರನ್ನು ಕೈಯಲ್ಲಿ ಎತ್ತಿ ನೋಡಿದಿರಾ? ಇಟ್ಟಿಗೆಯೇ ಸರಿ. ವೈರು ಸೇರಿದರೆ ಮುಕ್ಕಾಲು ಕಿಲೋದ ಆಸುಪಾಸು. ಎರಡೂ ಸೇರಿ ಮೂರು ಕಿಲೋ ದಾಟುತ್ತದೆ. ಅದರ ಮೇಲೆ ಪುಸ್ತಕ, ಡಬ್ಬಿ, ನೀರಿನ ಬಾಟಲಿ.

ಹೋಲಿಕೆಗೆ ಹೇಳುತ್ತೇನೆ: ಆಸುಸ್‌ನ ಟಫ್ ಎ14 1.46 ಕಿಲೋ, ಜೆಫಿರಸ್ ಜಿ14 2024ರ ಹೊಸ ರೂಪದಲ್ಲಿ ಒಂದೂವರೆ ಕಿಲೋ, ಎಚ್‌ಪಿಯ ಓಮೆನ್ ಟ್ರಾನ್ಸೆಂಡ್ 14 ಸುಮಾರು 1.6. ಇವುಗಳ ದೊಡ್ಡ ಅಡಾಪ್ಟರನ್ನು ಮನೆಯಲ್ಲೇ ಬಿಟ್ಟು, 100 ವಾಟ್‌ನ ಟೈಪ್-ಸಿ ಚಾರ್ಜರ್ ಒಂದನ್ನು ಬ್ಯಾಗಿನಲ್ಲಿ ಇಟ್ಟರೆ ಆಯಿತು. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾ ಚಾರ್ಜ್ ಮಾಡಲು ಅದು ಸಾಕು, ಮೊಬೈಲಿಗೂ ಆಗುತ್ತದೆ. ಅಗ್ಗದ 15 ಇಂಚಿನ ಕೆಲವು ಮಾದರಿಗಳಲ್ಲಿ ಟೈಪ್-ಸಿ ಕಿಂಡಿ ಇದ್ದರೂ ಅದರಿಂದ ಚಾರ್ಜ್ ಆಗುವುದಿಲ್ಲ. ಕೇಳಿ ತಿಳಿಯಬೇಡಿ, ಚಾರ್ಜರ್ ಒಯ್ದು ಚುಚ್ಚಿ ನೋಡಿ.

ಚೆಂಬೂರು ನಿವಾಸಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬ್ಯಾಟರಿಯ ಮೇಲೆಯೇ ಆಟ ಆಡಲು ಆಗುವುದಿಲ್ಲವೇ? ಅಷ್ಟು ದುಡ್ಡು ಕೊಟ್ಟು ಮತ್ತೆ ಗೋಡೆಗೆ ಕಟ್ಟಿಹಾಕಬೇಕೆ?

ತಿರುಪುಳಿ:

ಆಡಬಹುದು ಸರ್, ಆದರೆ ಬ್ಯಾಟರಿ ಏಕಕಾಲಕ್ಕೆ ಅಷ್ಟು ವಾಟ್ ಕೊಡಲಾರದು. ಪ್ಲಗ್ ಕಿತ್ತ ಕೂಡಲೇ ಗ್ರಾಫಿಕ್ಸ್ ಚಿಪ್‌ನ ಶಕ್ತಿಯನ್ನು ತಗ್ಗಿಸಲಾಗುತ್ತದೆ. ಎಷ್ಟೇ ಬೆಲೆಯದಾದರೂ ಇದರಿಂದ ಬಿಡುಗಡೆಯಿಲ್ಲ. ತರಗತಿಯಲ್ಲಿ ಮುಖ್ಯವಾದದ್ದು ಬೇರೆ: ದೊಡ್ಡ ಚಿಪ್ ಪೂರ್ತಿ ಮಲಗಿ, ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್ ಮಾತ್ರ ಓಡಬೇಕು. ಆಗ 70 ವಾಟ್‌ಅವರ್ ಮೇಲ್ಪಟ್ಟ ಬ್ಯಾಟರಿ ಮಧ್ಯಾಹ್ನದವರೆಗೆ ಬರುತ್ತದೆ.

ಡೊಂಬಿವಲಿ ಫಾಸ್ಟ್:

14 ಇಂಚಿನದೇ ಎಂದು ಮನಸ್ಸು ಮಾಡಿದೆ. ಅಣ್ಣನದು ನೋಡಿದೆವು, 60 ವಾಟ್! ಗೆಳೆಯನದು 115. ಇಬ್ಬರ ಜಗಳ ಮುಗಿಯಿತು.

ಒಂದು ಅಂಗಡಿಯವರು ಓಪನ್ ಬಾಕ್ಸ್ ಮಾಲು ತೋರಿಸುತ್ತಿದ್ದಾರೆ. ಹಿಂದಿನ ವರ್ಷದ ಮಾದರಿ, 32 ಜಿಬಿ, ನನ್ನ ಮೊತ್ತದೊಳಗೆ ಬರುತ್ತದೆ. ಗ್ರಾಹಕರೊಬ್ಬರು ಪೆಟ್ಟಿಗೆ ಒಡೆದು ಹಿಂತಿರುಗಿಸಿದ್ದು, ಬಳಸಿಯೇ ಇಲ್ಲ ಎನ್ನುತ್ತಾರೆ. ನಂಬಬಹುದೆ?

ತಿರುಪುಳಿ:

ಅಂಗಡಿಯವರನ್ನು ನಂಬುವ ಅಗತ್ಯವೇ ಇಲ್ಲ, ಬ್ಯಾಟರಿಯನ್ನು ಕೇಳಿ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಬರೆಯಿರಿ (powercfg /batteryreport). ಒಂದು ಕಡತ ಸಿದ್ಧವಾಗುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಸಂಖ್ಯೆಗಳು ಹತ್ತಿರ ಹತ್ತಿರ ಇರಬೇಕು, ಸೈಕಲ್ ಕೌಂಟ್, ಅಂದರೆ ಎಷ್ಟು ಬಾರಿ ಚಾರ್ಜ್ ಆಗಿ ಖಾಲಿಯಾಗಿದೆ ಎಂಬ ಲೆಕ್ಕ, ಬೆರಳೆಣಿಕೆಯಲ್ಲಿರಬೇಕು. ಸೀರಿಯಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಎಂದಿನಿಂದ ಶುರುವಾಗಿದೆ ನೋಡಿ. ಬಿಲ್ ಜಿಎಸ್‌ಟಿ ಸಹಿತ ನಿಮ್ಮ ಹೆಸರಿನಲ್ಲೇ ಇರಲಿ. ಬಿಲ್ ಬೇಡವೆಂದರೆ ಬೆಲೆ ಇಳಿಸುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಸಾಧ್ಯವಾದರೆ ಆಕಸ್ಮಿಕ ಹಾನಿಯ ರಕ್ಷಣೆಯನ್ನೂ ಸೇರಿಸಿ. ಏಕೆಂದರೆ ಲೋಕಲ್‌ನಲ್ಲಿ ಓಡಾಡುವವರು ನನ್ನ ಬಳಿ ತರುವ ಒಡೆದ ತೆರೆಗಳು ಬಿದ್ದು ಒಡೆದವಲ್ಲ. ಅಡಾಪ್ಟರನ್ನು ಲ್ಯಾಪ್‌ಟಾಪ್ ಇರುವ ಖಾನೆಯಲ್ಲೇ, ಮುಚ್ಚಳಕ್ಕೆ ಒತ್ತಿಕೊಂಡಂತೆ ತುರುಕಿರುತ್ತಾರೆ. ಠಾಣೆ ರೈಲು ನಿಲ್ದಾಣದಲ್ಲಿ ಜನ ನುಗ್ಗಿದಾಗ ಎಲ್ಲ ಒತ್ತಡವೂ ಆ ಒಂದು ಮೂಲೆಯ ಮೇಲೆ. ತೆರೆ ಬಿಚ್ಚಿದರೆ ಅಡಾಪ್ಟರ್‌ನ ಮೂಲೆ ಕೂತ ಜಾಗದಿಂದಲೇ ಬಿರುಕು ಜೇಡರ ಬಲೆಯಂತೆ ಹೊರಟಿರುತ್ತದೆ. ಲ್ಯಾಪ್‌ಟಾಪಿನ ಮುಚ್ಚಳದ ಬದಿ ನಿಮ್ಮ ಮೈ ಕಡೆಗಿರಲಿ, ಚಾರ್ಜರ್ ಕೆಳಗಿನ ಬೇರೆ ಖಾನೆಯಲ್ಲಿರಲಿ. ಮಳೆಗಾಲದಲ್ಲಿ ಬ್ಯಾಗಿನ ರೇನ್ ಕವರ್ ಸಾಲದು, ಹೊಟ್ಟೆಯ ಮೇಲೆ ಹಾಕಿದಾಗ ಬೆನ್ನಿನ ಬದಿ ತೆರೆದೇ ಇರುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ.

ಡೊಂಬಿವಲಿ ಫಾಸ್ಟ್:

ಅಣ್ಣ, ಬ್ಯಾಟರಿ ವರದಿ ಚೊಕ್ಕಟವಾಗಿತ್ತು, ವಾರಂಟಿಯೂ ಸರಿ ಇತ್ತು, ತೆಗೆದುಕೊಂಡೆ. ಕೆಲಸ, ಆಟ ಎರಡೂ ಚೆನ್ನಾಗಿವೆ. ಈಗ ಹೊಸ ತೊಂದರೆ. ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕುತ್ತೇನೆ. ಕುರ್ಲಾ ಬರುವಷ್ಟರಲ್ಲಿ ಬ್ಯಾಗು ಹೊಟ್ಟೆಗೆ ಬಿಸಿ ತಗಲುವಷ್ಟು ಕಾದಿರುತ್ತದೆ, ತರಗತಿಯಲ್ಲಿ ತೆರೆದರೆ ಚಾರ್ಜ್ 70ಕ್ಕೆ ಇಳಿದಿರುತ್ತದೆ. ಓಪನ್ ಬಾಕ್ಸ್ ಎಂದು ಕೆಟ್ಟ ಮಾಲು ದಾಟಿಸಿದರೆ?

ವಡಾಲ ಮೆಕ್ಯಾನಿಕಲ್:

ಮಾಲು ಕೆಟ್ಟಿರಲಾರದು. ಅದು ಮಲಗಿಲ್ಲ, ಮಲಗಿದಂತೆ ನಟಿಸುತ್ತಿದೆ.

ತಿರುಪುಳಿ:

ಸರಿಯಾಗಿ ಹೇಳಿದರು. ಈಗಿನ ಬಹುತೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಮಾಡರ್ನ್ ಸ್ಟ್ಯಾಂಡ್‌ಬೈ. ಮುಚ್ಚಳ ಮುಚ್ಚಿದರೂ ಯಂತ್ರ ಮೊಬೈಲಿನ ಹಾಗೆ ಅರೆ ಎಚ್ಚರದಲ್ಲಿರುತ್ತದೆ, ಅಂತರ್ಜಾಲಕ್ಕೂ ಅಂಟಿಕೊಂಡಿರಬಹುದು. ಏನಾದರೊಂದು ತಂತ್ರಾಂಶ ಎಬ್ಬಿಸಿದರೆ ಗಾಳಿಯಾಡದ ಬ್ಯಾಗಿನೊಳಗೇ ಕೆಲಸ ಶುರು. ಪರಿಹಾರ ಹೈಬರ್ನೇಟ್. ಅದರಲ್ಲಿ ರ‍್ಯಾಮ್‌ನಲ್ಲಿರುವುದನ್ನೆಲ್ಲ ಎಸ್‌ಎಸ್‌ಡಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುತ್ತದೆ, ತೆರೆದಾಗ ಬಿಟ್ಟಲ್ಲಿಂದಲೇ ಶುರು.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಮುಚ್ಚಿದರೆ ಏನಾಗಬೇಕು ಎಂಬ ಪುಟವಿದೆ. ಅಲ್ಲಿ ಬ್ಯಾಟರಿ, ಪ್ಲಗ್ ಎರಡೂ ಕಡೆ ಹೈಬರ್ನೇಟ್ ಆರಿಸಿ. ಪಟ್ಟಿಯಲ್ಲಿ ಹೈಬರ್ನೇಟ್ ಕಾಣದಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಪವರ್‌ಸಿಎಫ್‌ಜಿಯ ಮುಂದೆ ಓರೆಗೆರೆ ಹಾಕಿ ಹೈಬರ್ನೇಟ್ ಆನ್ ಎಂದು ಬರೆಯಿರಿ (powercfg /hibernate on). ಮುಚ್ಚಳ ಮುಚ್ಚಿದ ಮೇಲೆ ದೀಪ ಆರುವವರೆಗೆ ಕಾದು ಬ್ಯಾಗಿಗೆ ಹಾಕಿ.

ಡೊಂಬಿವಲಿ ಫಾಸ್ಟ್:

ಆಯಿತು! ಇಂದು 100ರಲ್ಲಿ ಮುಚ್ಚಿದ್ದು, ಮಾಟುಂಗದಲ್ಲಿ ತೆರೆದಾಗಲೂ 100. ಬ್ಯಾಗು ತಣ್ಣಗಿತ್ತು. ತೆರೆಯಲು ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಪರವಾಗಿಲ್ಲ. ಮನೆಯಲ್ಲಿ ಆಡುವಾಗ ಸದಾ ಪ್ಲಗ್‌ನಲ್ಲೇ ಇರುತ್ತದೆ, ಬ್ಯಾಟರಿಗೆ ಕೇಡೆ?

ತಿರುಪುಳಿ:

ಕಂಪನಿಯ ತಂತ್ರಾಂಶದಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಸೌಲಭ್ಯ ಇರುತ್ತದೆ. ರಜೆಯಲ್ಲಿ ಅದನ್ನು ಹಾಕಿಡಿ, ಕಾಲೇಜಿನ ಹಿಂದಿನ ರಾತ್ರಿ ತೆಗೆಯಿರಿ.

ಚೆಂಬೂರು ನಿವಾಸಿ:

ನನ್ನ ಮಗನಿಗೆ ಪವಾಯಿಯಲ್ಲಿ ಹಾಸ್ಟೆಲ್ ಸಿಕ್ಕಿದೆ. ಇದನ್ನೆಲ್ಲ ಓದಿ 14 ಇಂಚಿನದೇ ಕೊಡಿಸೋಣ ಎಂದುಕೊಂಡೆ.

ತಿರುಪುಳಿ:

ಬೇಡ ಸರ್. ಹಾಸ್ಟೆಲ್ ಹುಡುಗನಿಗೆ 15 ಅಥವಾ 16 ಇಂಚಿನದೇ ಸರಿ. ಮೇಜಿನ ಮೇಲೇ ಕೂತಿರುವ ಯಂತ್ರ ಹಗುರವಾಗಿರಲಿ ಎಂದು ಮೂವತ್ತು ನಲವತ್ತು ಸಾವಿರ ಏಕೆ ಹೆಚ್ಚು ಕೊಡಬೇಕು? ತೆರೆಯ ಬಣ್ಣ 100 ಪ್ರತಿಶತ ಎಸ್‌ಆರ್‌ಜಿಬಿ ಇದೆಯೇ ನೋಡಿ, ಎರಡೂ ತೆರೆ ಎಷ್ಟು ಬಣ್ಣ ತೋರಿಸುತ್ತದೆ ಎಂಬುದರ ಅಳತೆ; 45 ಪ್ರತಿಶತ ಎನ್‌ಟಿಎಸ್‌ಸಿ ಎಂದು ಬರೆದಿದ್ದರೆ ಬಣ್ಣಗಳು ಪೇಲವವಾಗಿರುತ್ತವೆ. ನೋಡಿಟ್ಟ ಮಾದರಿಯ ಪೂರ್ತಿ ಸಂಖ್ಯೆ ಇಲ್ಲಿ ಹಾಕಿ, ವಾಟ್ ಎಷ್ಟೆಂದು ಹುಡುಕಿ ಹೇಳುತ್ತೇನೆ.