‘ಫ್ಲೋಟಿಂಗ್ ಸರ್ಕ್ಯೂಟ್’ಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಆಸಿಲೋಸ್ಕೋಪ್ (ವೋಲ್ಟಿನ ಏರಿಳಿತವನ್ನು ಪರದೆ ಮೇಲೆ ತೋರಿಸುವ ಯಂತ್ರ) ಇಟ್ಟಿರುವ ಮೇಜಿನ ಮೇಲೆ ಬೋರ್ಡ್ ಹಾಕಬೇಕು. ‘ಫ್ಲೋಟಿಂಗ್ ಸರ್ಕ್ಯೂಟಿಗೆ ಪ್ರೋಬಿನ ಗ್ರೌಂಡ್ ಕ್ಲಿಪ್ ಹಾಕಬೇಡಿ’ ಅಂತ. ಫ್ಲೋಟಿಂಗ್ ಅಂದರೆ ಅರ್ತ್‌ಗೆ, ಅಂದರೆ ನೆಲಕ್ಕೆ, ಸೇರದ್ದು. ಪ್ರೋಬ್ ಅಂದರೆ ಸ್ಕೋಪಿನ ಅಳೆಯುವ ವೈರು. ‘ತೇಲುವ ಮಂಡಲ’ ಎಂದು ಬರೆದು ತೋರಿಸಿದೆ, ಹುಡುಗರು ನಕ್ಕರು. ಹೋದ ವಾರ ಒಬ್ಬ ಹುಡುಗ ಎಲ್‌ಇಡಿ ಬಲ್ಬಿನ ಡ್ರೈವರ್ (ಬಲ್ಬಿಗೆ ಕರೆಂಟ್ ಕೊಡುವ ಸರ್ಕ್ಯೂಟ್) ಬಿಚ್ಚಿ, ಅದರಲ್ಲಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿನ ಮೈನಸ್ಸಿಗೆ ಕ್ಲಿಪ್ ಕಚ್ಚಿಸಿದ. ಟಪ್ ಅಂತು. ಕ್ಲಿಪ್ಪಿನ ಎರಡು ಹಲ್ಲು ಕರಗಿವೆ. ಪೇಂಟರ್ ನಾಳೆ ಒಂಬತ್ತಕ್ಕೆ ಬರುತ್ತಾನೆ.

ಉತ್ತರ:
ಭೂಸಂಪರ್ಕರಹಿತ ವಿದ್ಯುನ್ಮಂಡಲ. ಇದರಲ್ಲಿ ಚರ್ಚೆ ಏನಿದೆ?

ಉತ್ತರ:
> ಭೂಸಂಪರ್ಕರಹಿತ ವಿದ್ಯುನ್ಮಂಡಲ
ಇದನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಟಪ್ ಆಗಿರುತ್ತದೆ. ‘ನೆಲೆಯಿಲ್ಲದ ಸುತ್ತು’ ಅನ್ನಿ, ಸಾಕು. ನೆಲ, ನೆಲೆ, ನೆಲಸು, ನಿಲ್ಲು ಎಲ್ಲ ಒಂದೇ ಬೇರಿನವು. ಕರೆಂಟಿಗೆ ನಿಲ್ಲಲು ನೆಲ ಇಲ್ಲ ಅನ್ನುವ ಅರ್ಥ ತಾನಾಗೇ ಬರುತ್ತದೆ.

ಉತ್ತರ:
‘ನಿಲ್ಲು’ವನ್ನು ಎಳೆದು ತಂದು ‘ನೆಲ’ಕ್ಕೆ ಕಟ್ಟಬೇಡಿ, ಪ್ರತಿ ಸಲ ಇದೇ ಕಥೆ. ಇರಲಿ, ಪದಕ್ಕಿಂತ ಮೊದಲು ವಿಷಯ ಸರಿ ಮಾಡಿಕೊಳ್ಳಿ. ಆ ಹುಡುಗ ಮುಟ್ಟಿದ್ದು ತೇಲುವ ಸರ್ಕ್ಯೂಟೇ ಅಲ್ಲ! ಬ್ಯಾಟರಿ ರೇಡಿಯೋ ಇದೆಯಲ್ಲ, ಅದು ತೇಲುವುದು. ಅದರ ಯಾವ ಜಾಗಕ್ಕೆ ಕ್ಲಿಪ್ ಹಾಕಿದರೂ ಆ ಜಾಗ ಅರ್ತ್ ಆಗುತ್ತದೆ, ಅಷ್ಟೇ. ಎರಡನೇ ಚಾನೆಲಿನ, ಅಂದರೆ ಎರಡನೇ ಪ್ರೋಬಿನ, ಕ್ಲಿಪ್ಪನ್ನು ಬೇರೆ ಜಾಗಕ್ಕೆ ಹಾಕಿದರೆ ಮಾತ್ರ ಶಾರ್ಟ್, ಯಾಕೆಂದರೆ ಸ್ಕೋಪಿನ ಒಳಗೆ ಎರಡು ಕ್ಲಿಪ್ಪೂ ಒಂದೇ ಕಡೆ ಸೇರಿವೆ. ಆದರೆ ಎಲ್‌ಇಡಿ ಡ್ರೈವರಿನ ಆ ಮೈನಸ್ ನೇರ 230 ವೋಲ್ಟ್ ಲೈನಿಗೆ ಅಂಟಿಕೊಂಡಿದೆ. ಅರ್ತ್‌ನಿಂದ ಅಳೆದರೆ ಸೆಕೆಂಡಿಗೆ 50 ಸಲ ಸುಮಾರು 325 ವೋಲ್ಟ್ ಕೆಳಗೆ ಹೋಗಿ ಬರುತ್ತದೆ. ಸ್ಕೋಪಿನ ಕ್ಲಿಪ್ ಮೂರು ಪಿನ್ನಿನ ಪ್ಲಗ್ ಹಾದು ಅರ್ತ್‌ಗೆ ಸೇರಿದೆ. ಟಪ್ ಅನ್ನದೆ ಇನ್ನೇನು?

‘ಫ್ಲೋಟಿಂಗ್’ ಅನ್ನುವ ಪದವೇ ದಾರಿ ತಪ್ಪಿಸಿದ್ದು. ಇನ್ನೂ ಕೆಟ್ಟದ್ದು ಅಂದರೆ, ಸ್ಕೋಪಿನ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕುವುದಕ್ಕೂ ‘ಸ್ಕೋಪ್ ಫ್ಲೋಟ್ ಮಾಡೋದು’ ಅಂತಲೇ ಹೇಳುತ್ತಾರೆ. ಹಾಗೆ ಮಾಡಿ ಅದೇ ಮೈನಸ್ಸಿಗೆ ಕ್ಲಿಪ್ ಹಾಕಿದರೆ ಟಪ್ ಅನ್ನುವುದಿಲ್ಲ, ನಿಜ. ಆದರೆ ಸ್ಕೋಪಿನ ಲೋಹದ ಭಾಗವೆಲ್ಲ ಲೈವ್, ಮುಂದಿನ ಟಪ್ ನಿಮ್ಮ ಕೈಗೆ. ಅಳೆಯಲೇಬೇಕಿದ್ದರೆ ಡಿಫರೆನ್ಷಿಯಲ್ ಪ್ರೋಬ್ (ಯಾವುದನ್ನೂ ಅರ್ತ್ ಮಾಡದೆ ಎರಡು ಜಾಗಗಳ ನಡುವಿನ ವೋಲ್ಟ್ ಅಳೆಯುವುದು) ತನ್ನಿ. ಇಲ್ಲದಿದ್ದರೆ ಅಷ್ಟು ವೋಲ್ಟ್ ತಡೆಯುವ ಎರಡು 10ಎಕ್ಸ್ ಪ್ರೋಬ್ (ವೋಲ್ಟನ್ನು ಹತ್ತನೇ ಒಂದಕ್ಕೆ ಇಳಿಸುವುದು) ಹಾಕಿ, ಕ್ಲಿಪ್ಪುಗಳನ್ನು ಸರ್ಕ್ಯೂಟಿಗೆ ತಾಗಿಸದೆ, ಒಂದು ಚಾನೆಲಿನಿಂದ ಇನ್ನೊಂದನ್ನು ಕಳೆಯಿರಿ.

ಉತ್ತರ:
ಅಲ್ಲ, ‘ಸರ್ಕ್ಯೂಟ್’ ಹಾಗೇ ಇಟ್ಟುಕೊಂಡು ‘ಫ್ಲೋಟಿಂಗ್’ಗೆ ಮಾತ್ರ ಕನ್ನಡ ಯಾಕೆ? ಎಲ್ಲಾ ಕಂಗ್ಲಿಷ್.

ಉತ್ತರ:
ಸಾಹೇಬರು ‘ಸರ್ಕೀಟು’ ಹೋಗುತ್ತಿದ್ದ ಕಾಲದಿಂದ ಆ ಪದ ನಮ್ಮದೇ. ಈಗಲೂ ಬೈಕ್ ಸಿಕ್ಕರೆ ಸರ್ಕೀಟ್ ಹೊಡೆಯುತ್ತೇವೆ. ಸುಮ್ನೆ ಜಗಳ ಬೇಡ.

ಉತ್ತರ (ಕೇಳಿದವನೇ):
ತೇಲುವುದನ್ನೇ ಬಿಟ್ಟೆ. ‘ಈ ಕ್ಲಿಪ್ ಅಂದರೆ ಅರ್ತ್. ಮೇನ್ಸ್‌ಗೆ ಸೇರಿದ ಸರ್ಕ್ಯೂಟಿಗೆ ಹಾಕಬೇಡಿ. ಪ್ಲಗ್ಗಿನ ಅರ್ತ್ ಪಿನ್ ಕೀಳಬೇಡಿ’ ಅಂತ ಬರೆಸುತ್ತೇನೆ. ಕೆಳಗೆ ಸಣ್ಣದಾಗಿ ಡಿಫರೆನ್ಷಿಯಲ್ ಪ್ರೋಬ್ ಯಾವ ಬೀರುವಿನಲ್ಲಿದೆ ಅಂತ. ಪೇಂಟರಿಗೆ ಫೋನಿನಲ್ಲೇ ಓದಿ ಹೇಳಿದೆ. ಅವನು ‘ಅರ್ಥ್’ ಅಂತ ಬರೆಯಬೇಕು, ಎಲ್ಲರೂ ಹಾಗೇ ಬರೆಯೋದು ಅನ್ನುತ್ತಾನೆ. ‘ಈ ಕ್ಲಿಪ್ ಅಂದರೆ ಅರ್ಥ್’ ಎಂದು ಬರೆದರೆ ಹುಡುಗರು ಮತ್ತೆ ನಗುತ್ತಾರೆ ಅಲ್ವಾ? ತಕಾರವೋ ಥಕಾರವೋ, ಒಂಬತ್ತರೊಳಗೆ ಹೇಳಿ.

ಉತ್ತರ:
ತಕಾರ. ಮಹಾಪ್ರಾಣದ ಜಗಳ ಇಲ್ಲಿ ಶುರು ಮಾಡಬೇಡಿ.

ಉತ್ತರ:
ಶುರು ಮಾಡಿದ್ದು ನೀವೇ.